ಡ್ರ್ಯಾಗನ್ ಇದ್ದರೆ ಸಾಕೇ? ಮೆಚ್ಚಿನ ಫ್ಯಾಂಟಸಿ ಪುಸ್ತಕಗಳು ಮತ್ತು ಗಡಿಯ ಪ್ರಶ್ನೆ

ಪ್ರಶ್ನೆ: ಟೋಲ್ಕೀನ್ ಓದಿದ್ದೇನೆ, ಹ್ಯಾರಿ ಪಾಟರ್ ಸರಣಿಯನ್ನೂ ಮುಗಿಸಿದ್ದೇನೆ. ಮುಂದೆ ಯಾವ ಫ್ಯಾಂಟಸಿ ಓದಲಿ? ನಿಮಗೆ ತುಂಬಾ ಇಷ್ಟವಾದವನ್ನೇ ಹೇಳಿ. ಜೊತೆಗೆ ಒಂದು ಗೊಂದಲವೂ ಇದೆ. ಕೆಲವರು ಮಾರ್ಕ್ವೆಜ್, ಕಾಫ್ಕಾ ಬರೆದದ್ದೂ ಫ್ಯಾಂಟಸಿಯೇ ಅನ್ನುತ್ತಾರೆ. ಇನ್ನು ಕೆಲವರು ಡ್ರ್ಯಾಗನ್‌ಗಳಿರುವ ಕಾದಂಬರಿಯನ್ನು ಸೈನ್ಸ್ ಫಿಕ್ಷನ್ ಅನ್ನುತ್ತಾರೆ. ಹಾಗಾದರೆ ಯಾವುದನ್ನು ಫ್ಯಾಂಟಸಿ ಅನ್ನಬೇಕು?

ಉತ್ತರ: ಪುಸ್ತಕದಿಂದಲೇ ಶುರು ಮಾಡುತ್ತೇನೆ. ಗಡಿಯ ಮಾತು ಅದರ ಹಿಂದೆಯೇ ಬರುತ್ತದೆ.

ಟೋಲ್ಕೀನ್ ಮುಗಿಸಿದವರಿಗೆ ನಾನು ಮೊದಲು ಕೊಡುವುದು ಉರ್ಸುಲಾ ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’. 1968ರಲ್ಲಿ ಬಂದ ಸಣ್ಣ ಕಾದಂಬರಿ. ಕಡಲ ತುಂಬಾ ದ್ವೀಪಗಳು, ಆ ದ್ವೀಪಗಳಲ್ಲೊಂದರಲ್ಲಿ ಮಾಂತ್ರಿಕರ ಶಾಲೆ. ಅಲ್ಲಿಗೆ ಹೋಗಿ ಸೇರುವವನು ಗೆಡ್ ಎಂಬ ಮೇಕೆ ಕಾಯುತ್ತಿದ್ದ ಹುಡುಗ. ಹಾಗ್ವಾರ್ಟ್ಸ್ ಬರುವುದಕ್ಕೆ ಸುಮಾರು ಮೂರು ದಶಕ ಮೊದಲೇ ಈ ಶಾಲೆ ಇತ್ತು. ಆದರೆ ನನ್ನನ್ನು ಈ ಪುಸ್ತಕಕ್ಕೆ ಕಟ್ಟಿಹಾಕಿದ್ದು ಶಾಲೆಯಲ್ಲ, ಅದಕ್ಕೂ ಮೊದಲು ಬರುವ ಒಂದು ಮಳೆ. ಗೆಡ್‌ನ ಮೊದಲ ಗುರು ಓಗಿಯನ್ ಭೂಕಂಪವನ್ನೇ ಪಳಗಿಸಿದವನು ಎಂದು ಹೆಸರಾದವನು. ಅಂಥವನು ದಾರಿಯಲ್ಲಿ ಮಳೆ ಬಂದಾಗ ಅದನ್ನು ನಿಲ್ಲಿಸುವುದಿಲ್ಲ, ದಟ್ಟವಾದ ಒಂದು ಮರ ಹುಡುಕಿ ಅದರಡಿ ಮಲಗುತ್ತಾನೆ. ಪೊದೆಯ ನಡುವೆ ನೆನೆಯುತ್ತಾ ಕೂತ ಹುಡುಗನಿಗೆ ಸಿಟ್ಟು. ಶಕ್ತಿ ಇದ್ದೂ ಬಳಸದಿದ್ದರೆ ಅದರಿಂದ ಏನು ಪ್ರಯೋಜನ? ಉತ್ತರ ಅವನಿಗೆ ಶಾಲೆಯಲ್ಲಿ ಸಿಗುತ್ತದೆ. ಒಂದು ದ್ವೀಪದಲ್ಲಿ ಸುರಿಸಿದ ಮಳೆ ಇನ್ನೊಂದು ದ್ವೀಪದ ಬರವಾಗಬಹುದು. ಆದರೆ ಕೇಳಿಸಿಕೊಳ್ಳುವುದು ಬೇರೆ, ಅರ್ಥವಾಗುವುದು ಬೇರೆ. ಜಂಬಕ್ಕೆ ಬಿದ್ದು, ಎದುರಾಳಿಯ ಮುಂದೆ ಹೆಚ್ಚುಗಾರಿಕೆ ತೋರಿಸಲು ಹೋಗಿ ಗೆಡ್ ಸತ್ತವಳೊಬ್ಬಳ ಚೇತನವನ್ನು ಕರೆಯುತ್ತಾನೆ. ಅವಳ ಜೊತೆ ಹೆಸರಿಲ್ಲದ ಒಂದು ನೆರಳೂ ಒಳಗೆ ನುಗ್ಗುತ್ತದೆ. ಪುಸ್ತಕದ ಉಳಿದ ಭಾಗವೆಲ್ಲ ಆ ಒಂದು ತಪ್ಪಿನ ಬೆಲೆ. ಕೊನೆಯನ್ನು ನಾನು ಹೇಳುವುದಿಲ್ಲ.

ಎರಡನೆಯ ಭಾಗ ‘ದ ಟೂಂಬ್ಸ್ ಆಫ್ ಅಟುವಾನ್’ (1971) ನನಗೆ ಇನ್ನೂ ಹತ್ತಿರದ್ದು. ಟೆನಾರ್ ಎಂಬ ಮಗುವನ್ನು ಮನೆಯಿಂದ ಕರೆತಂದು, ಅವಳ ಹೆಸರು ಕಿತ್ತುಕೊಂಡು, ಕತ್ತಲ ದೇವತೆಗಳ ಪೂಜಾರಿಣಿಯಾಗಿ ಮಾಡುತ್ತಾರೆ. ನೆಲದಡಿಯ ಸುರಂಗಗಳಲ್ಲಿ ಬೆಳಕು ಹಚ್ಚುವಂತಿಲ್ಲ. ಅವಳು ಗೋಡೆ ಮುಟ್ಟಿ ಮುಟ್ಟಿ ದಾರಿ ಕಲಿಯುತ್ತಾಳೆ. ಓದುವ ನಮಗೂ ಕೈಬೆರಳಿನಿಂದಲೇ ಆ ಜಾಗ ಪರಿಚಯವಾಗುತ್ತದೆ. ಮೊದಲ ಭಾಗದ ನಾಯಕ ಇಲ್ಲಿ ಅರ್ಧ ಪುಸ್ತಕ ಕಳೆಯುವ ಹೊತ್ತಿಗೆ ಬರುತ್ತಾನೆ, ಅದೂ ಕಳ್ಳನಾಗಿ. ಸರಣಿಯ ಎರಡನೆಯ ಪುಸ್ತಕದಲ್ಲಿ ಇಷ್ಟು ಧೈರ್ಯ ತೋರಿದ ಲೇಖಕರು ಕಡಿಮೆ.

ಈಗ ನಿಮ್ಮ ಗೊಂದಲಕ್ಕೆ ಬರುತ್ತೇನೆ. ಒಂದು ಪುಸ್ತಕದಲ್ಲಿ ಮಾಂತ್ರಿಕರಿದ್ದಾರೆ, ಡ್ರ್ಯಾಗನ್ ಇದೆ ಎಂಬ ಕಾರಣಕ್ಕೆ ನಾನು ಅದನ್ನು ಫ್ಯಾಂಟಸಿ ಅನ್ನುವುದಿಲ್ಲ. ನಡೆಯಲಾರದ ಸಂಗತಿಯೊಂದನ್ನು ನಡೆಯಿತು ಎಂದು ಒಪ್ಪಿಕೊಂಡ ಮೇಲೆ, ಅದರ ಲೆಕ್ಕವನ್ನು ಕೊನೆಯವರೆಗೆ ಚುಕ್ತಾ ಮಾಡುವ ಕಥೆ ನನಗೆ ಫ್ಯಾಂಟಸಿ. ಮಳೆ ತಡೆದರೆ ಬರ ಎಲ್ಲಿ ಬೀಳುತ್ತದೆ ಎಂದು ಯೋಚಿಸುವ ಕಥೆ. ನೀವೇ ಪರೀಕ್ಷಿಸಿ ನೋಡಬಹುದು. ಆ ಅಸಾಧ್ಯವನ್ನು ಕಥೆಯಿಂದ ತೆಗೆದು, ಅದು ಯಾವುದರ ಸಂಕೇತವೋ ಅದನ್ನೇ ಆ ಜಾಗದಲ್ಲಿ ಇಟ್ಟರೂ ಕಥೆ ನಿಲ್ಲುತ್ತದೆ ಎಂದಾದರೆ ಅದು ಅನ್ಯೋಕ್ತಿ. ಕುಸಿದು ಬಿದ್ದರೆ ಫ್ಯಾಂಟಸಿ. ಒಳ್ಳೆಯ ಫ್ಯಾಂಟಸಿಯ ಡ್ರ್ಯಾಗನ್‌ಗೆ ಹತ್ತು ಅರ್ಥ ಹೊಳೆಯಬಹುದು, ಆದರೆ ಮೊದಲು ಅದು ಡ್ರ್ಯಾಗನ್. ಅದಕ್ಕೆ ಹಸಿವಾಗುತ್ತದೆ, ಅದು ಬಂದರೆ ಊರು ಸುಡುತ್ತದೆ.

ಟೋಲ್ಕೀನ್ ಈ ಮಾತನ್ನು 1939ರಲ್ಲಿ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಉಪನ್ಯಾಸವೊಂದರಲ್ಲಿ ಬೇರೆ ರೀತಿ ಹೇಳಿದ್ದರು. ಹಸಿರು ಸೂರ್ಯ ಎಂದು ಯಾರು ಬೇಕಾದರೂ ಹೇಳಬಹುದು. ಆ ಹಸಿರು ಸೂರ್ಯ ಸಹಜವಾಗಿ ಕಾಣುವಂಥ ಲೋಕ ಕಟ್ಟುವುದಕ್ಕೆ ಶ್ರಮ ಬೇಕು, ಕಲೆ ಬೇಕು. ಕೊನೆಯಲ್ಲಿ ‘ಎಲ್ಲಾ ಕನಸಾಗಿತ್ತು’ ಎಂದು ಮುಗಿಯುವ ಕಥೆಗಳನ್ನು ಅವರು ತಮ್ಮ ಪಟ್ಟಿಯಿಂದಲೇ ತೆಗೆದುಹಾಕಿದರು. ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಅನ್ನೂ ಹೊರಗಿಟ್ಟರು. ಕಟುವಾದ ತೀರ್ಪು, ಆದರೆ ಅದರ ಹಿಂದಿನ ಕಾರಣವನ್ನು ನಾನು ಒಪ್ಪುತ್ತೇನೆ. ಕನಸು ಎಂದ ಕೂಡಲೇ ಲೆಕ್ಕ ತೀರಿಸುವ ಹೊಣೆ ತಪ್ಪಿಹೋಗುತ್ತದೆ.

ಗಡಿ ಮಸುಕಾಗಿರುವುದು ಮಾತ್ರ ನಿಜ. ಅದನ್ನು ಬ್ರಯಾನ್ ಆಟೆಬರಿ ಎಂಬ ವಿದ್ವಾಂಸರು 1992ರಲ್ಲಿ ಚೆನ್ನಾಗಿ ವಿವರಿಸಿದರು. ಫ್ಯಾಂಟಸಿಗೆ ಬೇಲಿ ಇಲ್ಲ, ನಡುಮಧ್ಯ ಇದೆ ಎನ್ನುವುದು ಅವರ ವಾದ. ನಡುವೆ ಟೋಲ್ಕೀನ್ ಇದ್ದಾರೆ, ಅಲ್ಲಿಂದ ದೂರ ಹೋದಂತೆ ದೀಪದ ಬೆಳಕಿನ ಹಾಗೆ ಫ್ಯಾಂಟಸಿ ತೆಳುವಾಗುತ್ತಾ ಹೋಗುತ್ತದೆ, ಕತ್ತಲು ಇಲ್ಲಿಂದಲೇ ಶುರು ಎಂದು ಗೆರೆ ಎಳೆಯಲು ಬರುವುದಿಲ್ಲ. ಹಾಗಾಗಿ ‘ಇದು ಫ್ಯಾಂಟಸಿಯೋ ಅಲ್ಲವೋ’ ಎಂಬ ಜಗಳಕ್ಕಿಂತ ‘ಎಷ್ಟು ಫ್ಯಾಂಟಸಿ, ಯಾವ ಬಗೆಯಲ್ಲಿ’ ಎಂದು ಕೇಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಇದಕ್ಕೆ ವಿರುದ್ಧ ತುದಿಯಲ್ಲಿ ಫ್ರೆಂಚ್‌ನಲ್ಲಿ ಬರೆದ ಸಾಹಿತ್ಯ ಸಿದ್ಧಾಂತಿ ತೊದೊರೊವ್ ಇದ್ದಾರೆ. 1970ರ ಪುಸ್ತಕದಲ್ಲಿ ಅವರು, ದೆವ್ವ ನಿಜವೋ ಭ್ರಮೆಯೋ ಎಂದು ಓದುಗ ತೂಗಾಡುವ ಆ ಅನುಮಾನದ ಹೊತ್ತಿಗೆ ಮಾತ್ರ ಅದ್ಭುತ ಸಾಹಿತ್ಯದ ಪಟ್ಟ ಕೊಟ್ಟರು. ಆ ಅಳತೆಯಲ್ಲಿ ಟೋಲ್ಕೀನ್ ಹೊರಗೆ ಉಳಿಯುತ್ತಾರೆ. ತೀರ ಸೊಗಸಾದ ಸಿದ್ಧಾಂತ, ಆದರೆ ಪುಸ್ತಕ ಹುಡುಕುತ್ತಿರುವ ಓದುಗರಿಗೆ ದಾರಿ ತೋರಿಸುವಂಥದ್ದಲ್ಲ.

ಡ್ರ್ಯಾಗನ್ ಇದ್ದೂ ಸೈನ್ಸ್ ಫಿಕ್ಷನ್ ಎಂದು ನೀವು ಕೇಳಿದ್ದು ಬಹುಶಃ ಆನ್ ಮೆಕ್‌ಕ್ಯಾಫ್ರಿ ಅವರ ‘ಡ್ರ್ಯಾಗನ್‌ಫ್ಲೈಟ್’ (1968) ಬಗ್ಗೆ ಇರಬೇಕು. ಪರ್ನ್ ಎಂಬ ಗ್ರಹ, ಆಕಾಶದಿಂದ ಬಿದ್ದು ಎಲ್ಲವನ್ನೂ ತಿಂದುಹಾಕುವ ಎಳೆಗಳು, ಅವನ್ನು ಗಾಳಿಯಲ್ಲೇ ಸುಡುವ ಡ್ರ್ಯಾಗನ್‌ಗಳು, ಅವುಗಳ ಬೆನ್ನೇರಿದ ಸವಾರರು. ಇದರ ಮೊದಲ ಭಾಗ ಪ್ರಕಟವಾದದ್ದು ‘ಅನಲಾಗ್’ ಎಂಬ ಅಪ್ಪಟ ಸೈನ್ಸ್ ಫಿಕ್ಷನ್ ಪತ್ರಿಕೆಯಲ್ಲಿ. ಪರ್ನ್ ಮನುಷ್ಯರು ಭೂಮಿಯಿಂದ ಹೋಗಿ ನೆಲೆಸಿದ ಗ್ರಹ, ಡ್ರ್ಯಾಗನ್‌ಗಳು ಅಲ್ಲಿನ ಜೀವಿಗಳಿಂದ ಅವರೇ ರೂಪಿಸಿದ ತಳಿ. ಹೊರಗೆ ಫ್ಯಾಂಟಸಿಯ ಬಟ್ಟೆ, ಒಳಗೆ ಸೈನ್ಸ್ ಫಿಕ್ಷನ್ನಿನ ಎಲುಬು. ಇಷ್ಟಪಟ್ಟು ಓದಬಹುದು, ಆದರೆ ಇದನ್ನು ನನ್ನ ಮೆಚ್ಚಿನ ಪುಸ್ತಕ ಅನ್ನಲಾರೆ.

ಇದೇ ಗಡಿಯಲ್ಲಿ ನಾನು ಮತ್ತೆ ಮತ್ತೆ ಹಿಂದಿರುಗುವುದು ಜೀನ್ ವುಲ್ಫ್ ಅವರ ‘ದ ಬುಕ್ ಆಫ್ ದ ನ್ಯೂ ಸನ್’ ಕಡೆಗೆ. 1980ರಿಂದ 1983ರವರೆಗೆ ನಾಲ್ಕು ಸಂಪುಟಗಳಲ್ಲಿ ಬಂತು. ಸೂರ್ಯ ಮಂಕಾಗಿ ಸಾಯುತ್ತಿರುವ ದೂರದ ಭವಿಷ್ಯ. ಚಿತ್ರಹಿಂಸೆ ಕೊಡುವವರ ಸಂಘದಲ್ಲಿ ಬೆಳೆದ ಸೆವೆರಿಯನ್ ಎಂಬವನು ತನ್ನ ಕಥೆ ಹೇಳುತ್ತಾನೆ. ಕತ್ತಿ, ಗೋಪುರ, ಕೋಟೆ, ಎಲ್ಲವೂ ಹಳೆಯ ಕಾಲದ್ದೇ ಎಂದು ನಾವು ಓದುತ್ತಾ ಹೋಗುತ್ತೇವೆ. ಒಂದು ಕಡೆ ಅವನು ಹಳೆಯ ಚಿತ್ರವೊಂದನ್ನು ನೋಡುತ್ತಾನೆ. ಬಂಜರು ನೆಲದ ಮೇಲೆ ನಿಂತ ಕವಚಧಾರಿ, ಮುಖವನ್ನು ಮುಚ್ಚಿದ ಚಿನ್ನದ ಬಣ್ಣದ ಗಾಜು. ಸೆವೆರಿಯನ್‌ಗೆ ಅದು ಯಾರೋ ಯೋಧ. ನಮಗೆ ಒಮ್ಮೆಲೇ ಹೊಳೆಯುತ್ತದೆ, ಅದು ಚಂದ್ರನ ಮೇಲೆ ಕಾಲಿಟ್ಟ ಗಗನಯಾತ್ರಿ. ಅವನು ಬೆಳೆದ ಗೋಪುರ ಯಾವುದರ ಅವಶೇಷ ಎಂಬುದನ್ನೂ ನೀವೇ ಕಂಡುಕೊಳ್ಳಬೇಕು. ಇಲ್ಲಿ ಫ್ಯಾಂಟಸಿ ಇರುವುದು ಹೇಳುವವನ ಕಣ್ಣಿನಲ್ಲಿ, ಸೈನ್ಸ್ ಫಿಕ್ಷನ್ ಇರುವುದು ಓದುವವನ ತಲೆಯಲ್ಲಿ. ಎರಡನ್ನೂ ಒಂದೇ ವಾಕ್ಯದಲ್ಲಿ ನಡೆಸುವ ಇಂಥ ಗದ್ಯ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಮೊದಲ ಓದಿನಲ್ಲಿ ಬಹಳಷ್ಟು ಕೈತಪ್ಪುತ್ತದೆ. ಅದಕ್ಕೆ ಹೆದರಬೇಡಿ, ಪುಸ್ತಕವನ್ನು ಕಟ್ಟಿರುವುದೇ ಎರಡನೆಯ ಓದಿಗೆ.

ಆಕ್ಟೇವಿಯಾ ಬಟ್ಲರ್ ಅವರ ‘ಕಿಂಡ್ರೆಡ್’ (1979) ಇದಕ್ಕೆ ತದ್ವಿರುದ್ಧ. 1976ರ ಕ್ಯಾಲಿಫೋರ್ನಿಯಾದ ಕಪ್ಪು ಹೆಣ್ಣುಮಗಳು ಡಾನಾ ಮತ್ತೆ ಮತ್ತೆ 19ನೇ ಶತಮಾನದ ಮೇರಿಲ್ಯಾಂಡ್‌ಗೆ, ಗುಲಾಮರನ್ನು ದುಡಿಸುವ ಜಮೀನೊಂದಕ್ಕೆ ಎಳೆದೊಯ್ಯಲ್ಪಡುತ್ತಾಳೆ. ಅಲ್ಲಿನ ಬಿಳಿಯ ಹುಡುಗನ ಜೀವ ಉಳಿಸಬೇಕು, ಯಾಕೆಂದರೆ ಅವನು ಅವಳ ಪೂರ್ವಜ. ಅವನು ಸತ್ತರೆ ಅವಳ ವಂಶವೇ ಇಲ್ಲ. ಕಾಲಪ್ರಯಾಣ ಎಂದ ಕೂಡಲೇ ಇದನ್ನು ಸೈನ್ಸ್ ಫಿಕ್ಷನ್ ಕಪಾಟಿನಲ್ಲಿ ಇಡುತ್ತಾರೆ. ಆದರೆ ಯಂತ್ರವಿಲ್ಲ, ವಿವರಣೆಯಿಲ್ಲ. ವಿಜ್ಞಾನವೇ ಇಲ್ಲದ ಮೇಲೆ ಇದು ಸೈನ್ಸ್ ಫಿಕ್ಷನ್ ಹೇಗಾಗುತ್ತದೆ ಎಂದು ಬಟ್ಲರ್ ಅವರೇ ಹೇಳುತ್ತಿದ್ದರು, ಕರಾಳ ಫ್ಯಾಂಟಸಿ ಎನ್ನುವುದು ಅವರದೇ ವರ್ಣನೆ. ನನ್ನ ಅಳತೆಗೂ ಅದು ಸರಿಹೊಂದುತ್ತದೆ. ಅಲ್ಲಿ ಬಿದ್ದ ಚಾಟಿಯೇಟಿನ ಗಾಯ ಇಲ್ಲಿಗೆ ಬಂದ ಮೇಲೂ ಮೈಮೇಲೆ ಉಳಿಯುತ್ತದೆ. ಲೆಕ್ಕ ಚುಕ್ತಾ ಆಗುವುದು ದೇಹದಲ್ಲಿ.

ಇನ್ನು ಮಂತ್ರವೇ ಇಲ್ಲದ ಫ್ಯಾಂಟಸಿ ಇರಲು ಸಾಧ್ಯವೇ? ಮರ್ವಿನ್ ಪೀಕ್ ಅವರ ‘ಟೈಟಸ್ ಗ್ರೋನ್’ (1946) ಮತ್ತು ‘ಗಾರ್ಮೆನ್‌ಘಾಸ್ಟ್’ (1950) ಓದಿ. ಒಂದು ದೊಡ್ಡ ಕೋಟೆ, ಅರ್ಥ ಮರೆತುಹೋದ ವಿಧಿಗಳನ್ನು ದಿನವೂ ತಪ್ಪದೆ ನಡೆಸುವ ಜನ, ಅಡುಗೆಮನೆಯಿಂದ ತಪ್ಪಿಸಿಕೊಂಡು ಮೇಲೆ ಮೇಲೆ ಹತ್ತುವ ಒಬ್ಬ ಕ್ರೂರ ಹುಡುಗ. ಒಂದೇ ಒಂದು ಮಂತ್ರವಿಲ್ಲ, ಆದರೂ ಇದು ನಮ್ಮ ಜಗತ್ತಲ್ಲ. ಚೈನಾ ಮಿಯೆವಿಲ್ ಅವರ ‘ದ ಸಿಟಿ ಅಂಡ್ ದ ಸಿಟಿ’ (2009) ಇನ್ನೂ ವಿಚಿತ್ರ. ಎರಡು ನಗರಗಳು ಒಂದೇ ಜಾಗದಲ್ಲಿವೆ, ಬೀದಿ ಬೀದಿಯೂ ಹಂಚಿಹೋಗಿದೆ. ಪಕ್ಕದಲ್ಲೇ ನಡೆಯುವ ಇನ್ನೊಂದು ನಗರದ ಮನುಷ್ಯನನ್ನು ನೋಡಿದರೂ ನೋಡದಂತಿರಲು ಅಲ್ಲಿನ ಮಕ್ಕಳಿಗೆ ಚಿಕ್ಕಂದಿನಿಂದ ಅಭ್ಯಾಸ ಮಾಡಿಸುತ್ತಾರೆ. ಅದರ ಮಧ್ಯೆ ಒಂದು ಕೊಲೆ, ಒಬ್ಬ ಪೊಲೀಸ್ ಅಧಿಕಾರಿ. ಪ್ರಕೃತಿ ನಿಯಮ ಎಲ್ಲೂ ಮುರಿಯುವುದಿಲ್ಲ. ಆದರೂ ಈ ಪುಸ್ತಕಕ್ಕೆ 2010ರಲ್ಲಿ ಸೈನ್ಸ್ ಫಿಕ್ಷನ್‌ಗೆ ಕೊಡುವ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯೂ ಬಂತು, ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿಯೂ ಬಂತು. ಪ್ರಶಸ್ತಿ ಕೊಟ್ಟವರಿಗೂ ಗಡಿ ಗೊತ್ತಾಗಲಿಲ್ಲ ಎಂದು ನಾನು ಇದನ್ನು ಓದಿಕೊಳ್ಳುವುದಿಲ್ಲ. ಒಂದು ಅಸಂಗತ ನಿಯಮವನ್ನು ಇಷ್ಟು ಬಿಗಿಯಾಗಿ ಪಾಲಿಸಿದರೆ ಅದೇ ಮಂತ್ರದ ಕೆಲಸ ಮಾಡುತ್ತದೆ ಎಂದು ಎರಡೂ ಕಡೆಯವರು ಗುರುತಿಸಿದರು.

ಮಾರ್ಕ್ವೆಜ್ ವಿಷಯ ಬೇರೆ. ‘ಒಂದು ನೂರು ವರ್ಷಗಳ ಏಕಾಂತ’ದಲ್ಲಿ (1967) ಚೆಲುವೆ ರೆಮೆಡಿಯೋಸ್ ಹಾಸುಬಟ್ಟೆ ಮಡಿಸುವಾಗ ಹಾಗೇ ಆಕಾಶಕ್ಕೆ ಏರಿಹೋಗುತ್ತಾಳೆ. ಆ ಮನೆಯ ಫರ್ನಾಂಡಾಗೆ ಚಿಂತೆಯಾಗುವುದು ಅವಳ ಜೊತೆ ಹೋದ ಹಾಸುಬಟ್ಟೆಗಳದು. ಅದೇ ಊರಿನಲ್ಲಿ ಮಂಜುಗಡ್ಡೆ ಕಂಡಾಗ ಜನ ದಂಗಾಗಿ ನಿಲ್ಲುತ್ತಾರೆ. ಅಸಾಧ್ಯ ಸಲೀಸು, ಸಾಧಾರಣವೇ ಪವಾಡ. ಇಲ್ಲಿ ನಿಯಮ ಕೇಳುವಂತಿಲ್ಲ, ರೆಮೆಡಿಯೋಸ್ ಏಕೆ ಹಾರಿದಳು, ಮುಂದೆ ಯಾರು ಹಾರಬಹುದು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಕಾಫ್ಕಾನ ‘ರೂಪಾಂತರ’ದಲ್ಲೂ (1915) ಮನುಷ್ಯ ಹುಳುವಾದದ್ದು ಹೇಗೆಂದು ಮನೆಯವರು ಯಾರೂ ಕೇಳುವುದಿಲ್ಲ, ಮನೆ ಖರ್ಚಿನ ಬಗ್ಗೆ ಮಾತಾಡುತ್ತಾರೆ. ಇಬ್ಬರೂ ದೊಡ್ಡ ಲೇಖಕರು, ಇಬ್ಬರನ್ನೂ ಓದಲೇಬೇಕು. ಆದರೆ ಇವರನ್ನು ಫ್ಯಾಂಟಸಿಯ ಬಳಗಕ್ಕೆ ಸೇರಿಸುವ ಉತ್ಸಾಹ ನನಗಿಲ್ಲ. ಫ್ಯಾಂಟಸಿಗೆ ಗೌರವ ತರಲು ದೊಡ್ಡ ಹೆಸರುಗಳ ಆಸರೆ ಬೇಕಿಲ್ಲ.

ಆಮೋಸ್ ಟುಟುವೊಲಾ ಅವರ ‘ದ ಪಾಮ್-ವೈನ್ ಡ್ರಿಂಕರ್ಡ್’ (1952) ಅನ್ನು ಮಾತ್ರ ನಾನು ಎರಡೂ ಕೈಯಿಂದ ಫ್ಯಾಂಟಸಿಯ ಕಡೆಗೆ ಎಳೆದುಕೊಳ್ಳುತ್ತೇನೆ. ಈ ನೈಜೀರಿಯನ್ ಲೇಖಕ ಯೊರುಬಾ ಜನಪದ ಕಥೆಗಳ ನೆಲದಿಂದ ಬಂದವರು. ಹೆಂಡ ಇಳಿಸುವವನು ಸತ್ತ ಮೇಲೆ ಅವನನ್ನು ಹುಡುಕಿಕೊಂಡು ಕುಡುಕನೊಬ್ಬ ಸತ್ತವರ ಊರಿಗೆ ಹೊರಡುತ್ತಾನೆ. ದಾರಿಯಲ್ಲಿ ಒಬ್ಬ ಅತಿ ಸುಂದರ ಪುರುಷ ಬರುತ್ತಾನೆ. ಅವನ ಅಂಗಾಂಗವೆಲ್ಲ ಬಾಡಿಗೆಯದು. ಮನೆಗೆ ಹಿಂದಿರುಗುವಾಗ ಒಂದೊಂದನ್ನೇ ಮಾಲೀಕರಿಗೆ ಮರಳಿಸುತ್ತಾ, ಬಾಡಿಗೆ ಕೊಡುತ್ತಾ ಹೋಗಿ ಕೊನೆಗೆ ಬರೀ ತಲೆಬುರುಡೆ ಉಳಿಯುತ್ತದೆ. ಇನ್ನೊಂದು ಕಡೆ ಕುಡುಕ ಮತ್ತು ಅವನ ಹೆಂಡತಿ ತಮ್ಮ ಸಾವನ್ನು ಮಾರಿಬಿಡುತ್ತಾರೆ, ಭಯವನ್ನು ಬಡ್ಡಿಗೆ ಕೊಡುತ್ತಾರೆ. ಮಾರಿದ್ದರಿಂದ ಅವರು ಸಾಯುವಂತಿಲ್ಲ. ಭಯವನ್ನು ಮಾರಿರಲಿಲ್ಲ, ಕೊಟ್ಟಿದ್ದಷ್ಟೇ. ಹಾಗಾಗಿ ಅದು ವಾಪಸು ಬಂದ ಮೇಲೆ ಹೆದರುತ್ತಾರೆ. ಅಸಾಧ್ಯಕ್ಕೂ ಲೆಕ್ಕವಿದೆ ಎಂದು ನಾನು ಹೇಳಿದ್ದಕ್ಕೆ ಇದಕ್ಕಿಂತ ಶುದ್ಧ ಉದಾಹರಣೆ ನನಗೆ ಗೊತ್ತಿಲ್ಲ. ಯಾವ ಡ್ರ್ಯಾಗನ್ನಿನ ಹಂಗೂ ಇದಕ್ಕಿಲ್ಲ.

ಪುರಾಣಗಳನ್ನೂ ಫ್ಯಾಂಟಸಿ ಅನ್ನಬಹುದೇ ಎಂಬುದು ಇದರ ಬೆನ್ನಿಗೇ ಬರುವ ಪ್ರಶ್ನೆ. ಬೇಡ ಎನ್ನುತ್ತೇನೆ. ಹೇಳುವವರು, ಕೇಳುವವರು ಇಬ್ಬರೂ ನಂಬಿಕೆಯೊಳಗೆ ನಿಂತಿರುವ ಕಥೆಗೆ ಬೇರೆ ಸ್ಥಾನವಿದೆ. ಫ್ಯಾಂಟಸಿ ಶುರುವಾಗುವುದು ಇದು ಕಟ್ಟಿದ ಲೋಕ ಎಂದು ಇಬ್ಬರಿಗೂ ತಿಳಿದಿರುವಲ್ಲಿ. ಆ ತಿಳಿವಿನೊಂದಿಗೆ ಜನಪದ ಕಥೆಯನ್ನು ಕೈಗೆತ್ತಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಗಿರೀಶ ಕಾರ್ನಾಡರ ‘ನಾಗಮಂಡಲ’ ಸಾಕು. ರಾತ್ರಿ ದೀಪ ಆರಿಸಿದ ಮೇಲೆ ಊರಿನ ಮನೆಮನೆಯ ಜ್ವಾಲೆಗಳು ಪಾಳುಗುಡಿಯಲ್ಲಿ ಸೇರಿ ಹರಟುತ್ತವೆ. ಕಥೆಯೇ ಹೆಣ್ಣಾಗಿ ಬಂದು ತನ್ನನ್ನು ತಾನು ಹೇಳಿಕೊಳ್ಳುತ್ತದೆ. ಗಂಡನ ರೂಪ ತಾಳಿ ಬರುವ ನಾಗ ಏನೇನು ಮಾಡಬಲ್ಲ, ಏನು ಮಾಡಲಾರ ಎಂಬುದು ನಾಟಕದ ಉದ್ದಕ್ಕೂ ಗಟ್ಟಿಯಾಗಿ ನಿಂತಿದೆ. ಚಂದ್ರಶೇಖರ ಕಂಬಾರರ ಶಿವಾಪುರವನ್ನೂ ಈ ಕಣ್ಣಿನಿಂದ ಓದಿ ನೋಡಿ. ಕೃತಿಯಿಂದ ಕೃತಿಗೆ ಬೆಳೆಯುತ್ತಾ ಹೋಗುವ, ತನ್ನದೇ ದೈವ, ತನ್ನದೇ ಇತಿಹಾಸ ಇರುವ ಊರು ಅದು. ಹೊರಗಿನ ಫ್ಯಾಂಟಸಿಯ ನಕ್ಷೆಗಳನ್ನು ಇಷ್ಟಪಡುವವರು ನಮ್ಮದೇ ಭಾಷೆಯ ಈ ಲೋಕವನ್ನು ಯಾಕೆ ಆ ಕಪಾಟಿನಲ್ಲಿ ಇಟ್ಟು ನೋಡುವುದಿಲ್ಲ ಎಂದು ನನಗೆ ನಿಜಕ್ಕೂ ಬೇಸರವಿದೆ.

ಕಪಾಟು ಎಂದಾಗ ಒಂದು ಮಾತು. ಫ್ಯಾಂಟಸಿ ಎಂಬ ಪ್ರತ್ಯೇಕ ಕಪಾಟು ತೀರ ಈಚಿನದು. ಹೋಪ್ ಮಿರ್ಲೀಸ್ 1926ರಲ್ಲಿ ‘ಲಡ್-ಇನ್-ದ-ಮಿಸ್ಟ್’ ಬರೆದಾಗ ಅದು ಬರೀ ಕಾದಂಬರಿ. ಅದರಲ್ಲಿ ಒಂದು ವ್ಯಾಪಾರಿಗಳ ಊರು. ಯಕ್ಷಲೋಕದ ಹಣ್ಣು ಅಲ್ಲಿಗೆ ಕಳ್ಳಸಾಗಣೆಯಲ್ಲಿ ಬರುತ್ತದೆ, ಆದರೆ ಅಂಥ ಹಣ್ಣಿದೆ ಎಂದು ಒಪ್ಪಲು ಮನಸ್ಸಿಲ್ಲದ ಕಾನೂನು ಅದನ್ನು ರೇಷ್ಮೆ ಬಟ್ಟೆ ಎಂದು ಬರೆದುಕೊಳ್ಳುತ್ತದೆ. ಟೋಲ್ಕೀನ್ ಪೇಪರ್‌ಬ್ಯಾಕ್‌ಗಳು ಅಮೆರಿಕದಲ್ಲಿ ಅಪಾರವಾಗಿ ಮಾರಾಟವಾದ ಮೇಲೆ, 1969ರಲ್ಲಿ ಬ್ಯಾಲಂಟೈನ್ ಪ್ರಕಾಶನ ಸಂಸ್ಥೆ ಲಿನ್ ಕಾರ್ಟರ್ ಸಂಪಾದಕತ್ವದಲ್ಲಿ ವಯಸ್ಕರ ಫ್ಯಾಂಟಸಿ ಮಾಲೆಯೊಂದನ್ನು ಆರಂಭಿಸಿತು, ಮಿರ್ಲೀಸ್ ಅವರ ಕಾದಂಬರಿಯೂ ಅದರಲ್ಲಿ ಮರುಮುದ್ರಣಗೊಂಡಿತು. ಎಲ್ಲೆಲ್ಲೋ ಚದುರಿದ್ದ ಹಳೆಯ ಪುಸ್ತಕಗಳು ಒಂದೇ ಹಣೆಪಟ್ಟಿಯಡಿ ಸೇರಿದ್ದು ಹೀಗೆ. ಇಂದು ನಾವು ಜಗಳವಾಡುವ ಗಡಿಯ ಅರ್ಧ ಭಾಗ ಪ್ರಕಾಶಕರು ಎಳೆದದ್ದು.

ಆ ಹಣೆಪಟ್ಟಿಗೆ ಅಂಜುವ ಲೇಖಕರೂ ಇದ್ದಾರೆ. ಕಜುವೊ ಇಶಿಗುರೊ ಅವರ ‘ದ ಬರೀಡ್ ಜಯಂಟ್’ (2015) ಬಂದಾಗ, ಓದುಗರು ಇದನ್ನು ಫ್ಯಾಂಟಸಿ ಅಂದುಬಿಡುತ್ತಾರೇನೋ ಎಂಬ ಅರ್ಥದ ಮಾತನ್ನು ಅವರು ಆಡಿದರು. ಲೆ ಗ್ವಿನ್ ನೊಂದು ಖಾರವಾಗಿ ಪ್ರತಿಕ್ರಿಯಿಸಿದರು. ತಾನು ಯಕ್ಷರ, ಡ್ರ್ಯಾಗನ್‌ಗಳ ಪರ ಎಂದು ಇಶಿಗುರೊ ಸ್ಪಷ್ಟಪಡಿಸಿದ ಮೇಲೆ ಲೆ ಗ್ವಿನ್ ಅವಸರಪಟ್ಟೆ ಎಂದು ಒಪ್ಪಿಕೊಂಡರು. ಪುಸ್ತಕ ಮಾತ್ರ ನನ್ನ ದೃಷ್ಟಿಯಲ್ಲಿ ಫ್ಯಾಂಟಸಿಯೇ. ಆರ್ಥರ್ ರಾಜನ ನಂತರದ ಬ್ರಿಟನ್. ಒಂದು ಮಂಜು ಎಲ್ಲರ ನೆನಪನ್ನು ನುಂಗುತ್ತಿದೆ. ಮುದಿ ದಂಪತಿ ಮಗನನ್ನು ಹುಡುಕಿಕೊಂಡು ಹೊರಡುತ್ತಾರೆ. ನೆನಪು ಮರಳಿದರೆ ಪ್ರೀತಿ ಮರಳುತ್ತದೆ, ಆದರೆ ಎರಡು ಜನಾಂಗಗಳ ನಡುವಿನ ಹಳೆಯ ರಕ್ತಪಾತವೂ ನೆನಪಾಗುತ್ತದೆ. ಇದನ್ನು ಗೈ ಗ್ಯಾವ್ರಿಯಲ್ ಕೇ ಅವರ ‘ಟಿಗಾನಾ’ (1990) ಜೊತೆ ಓದಿ. ಅಲ್ಲಿ ಮಗನನ್ನು ಯುದ್ಧದಲ್ಲಿ ಕಳೆದುಕೊಂಡ ಮಾಂತ್ರಿಕ ದೊರೆಯೊಬ್ಬ ಸೇಡಿಗಾಗಿ ಗೆದ್ದ ನಾಡಿನ ಹೆಸರನ್ನೇ ಅಳಿಸುತ್ತಾನೆ. ಅಲ್ಲಿ ಹುಟ್ಟಿದವರ ಹೊರತು ಬೇರೆ ಸಾಮಾನ್ಯ ಜನರಿಗೆ ಆ ಹೆಸರು ಕಿವಿಗೆ ಬೀಳುವುದೇ ಇಲ್ಲ. ಅವರ ತಲೆಮಾರು ಸತ್ತರೆ ಹೆಸರೂ ಸತ್ತಂತೆ. ಗೆದ್ದವರು ಸೋತವರ ನೆನಪನ್ನು ಅಳಿಸುತ್ತಾರೆ ಎಂಬುದು ಇತಿಹಾಸದಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಆ ಮಾತು ಅಕ್ಷರಶಃ ನಿಜವಾಗಿ, ಒಬ್ಬ ಮನುಷ್ಯ ತನ್ನ ಊರಿನ ಹೆಸರನ್ನು ಗಟ್ಟಿಯಾಗಿ ಕೂಗಿದರೂ ಎದುರಿದ್ದವನಿಗೆ ಕೇಳಿಸದೆ ಹೋಗುವುದನ್ನು ತೋರಿಸಲು ಫ್ಯಾಂಟಸಿಯೇ ಬೇಕು. ಈ ಸಾಹಿತ್ಯವನ್ನು ನಾನು ಪ್ರೀತಿಸುವುದು ಈ ಕಾರಣಕ್ಕೆ.

ಓದುವ ಕ್ರಮ ಹೀಗಿರಲಿ. ಮೊದಲು ‘ಅರ್ಥ್‌ಸೀ’ಯ ಎರಡು ಭಾಗ. ಆಮೇಲೆ ನಗು ಬೇಕಾದರೆ ಟೆರ್ರಿ ಪ್ರಾಚೆಟ್ ಅವರ ‘ಸ್ಮಾಲ್ ಗಾಡ್ಸ್’ (1992). ನಿಜವಾಗಿ ನಂಬುವವನು ಒಬ್ಬನೇ ಉಳಿದದ್ದರಿಂದ ಮಹಾದೇವರೊಬ್ಬ ಆಮೆಯಾಗಿ ತೆವಳುವ ಕಥೆ. 41 ಕಾದಂಬರಿಗಳ ಸರಣಿಗೆ ಸೇರಿದ್ದರೂ ಇದೊಂದನ್ನೇ ಓದಬಹುದು. ಒಗಟು ಬೇಕಾದರೆ ಸುಸಾನಾ ಕ್ಲಾರ್ಕ್ ಅವರ ‘ಪಿರನೇಸಿ’ (2020). ಕೊನೆಯಿಲ್ಲದ ಸಭಾಂಗಣಗಳ ಒಂದು ಮನೆ, ಕೆಳ ಅಂತಸ್ತಿನಲ್ಲಿ ಕಡಲ ಉಬ್ಬರ, ಮೇಲಂತಸ್ತಿನಲ್ಲಿ ಮೋಡ, ಎಲ್ಲೆಲ್ಲೂ ಪ್ರತಿಮೆ. ಅದನ್ನು ದಿನಚರಿಯಲ್ಲಿ ಬರೆದಿಡುವವನು ಆ ಮನೆಗೆ ಕೃತಜ್ಞನಾಗಿದ್ದಾನೆ. ಇದರ ಬಗ್ಗೆ ಬೇರೆಲ್ಲೂ ಏನನ್ನೂ ಓದದೆ ನೇರವಾಗಿ ಪುಸ್ತಕ ತೆರೆಯಿರಿ. ‘ಟಿಗಾನಾ’ ದಪ್ಪ ಪುಸ್ತಕ, ಬಿಡುವಿದ್ದಾಗ ಹಿಡಿಯಿರಿ. ವುಲ್ಫ್ ಅವರನ್ನು ಇವೆಲ್ಲದರ ನಂತರ ಓದಿ. ‘ಅರ್ಥ್‌ಸೀ’ಯ ಮೂರನೆಯ ಭಾಗವಾದ ಮೇಲೆ ನಾಲ್ಕನೆಯದಾದ ‘ಟೆಹಾನು’ (1990) ಓದಲು ಆತುರಪಡಬೇಡಿ. ಮಾಂತ್ರಿಕ ತನ್ನ ಶಕ್ತಿಯನ್ನೆಲ್ಲ ಕಳೆದುಕೊಂಡು ಮನೆಗೆ ಬಂದ ಮೇಲಿನ ಕಥೆ ಅದು. ಹಿಂದಿನ ಮೂರು ಭಾಗಗಳನ್ನು ಲೇಖಕಿ ತಾನೇ ಮತ್ತೆ ಪ್ರಶ್ನಿಸುತ್ತಾರೆ, ಆ ಮೂರೂ ನಿಮ್ಮೊಳಗೆ ಸ್ವಲ್ಪ ಕಾಲ ಇದ್ದ ಮೇಲೆ ಓದಿದರೆ ಆ ಪ್ರಶ್ನೆಗಳು ಸರಿಯಾಗಿ ನಾಟುತ್ತವೆ.